ಸುಡದೆ ಉಳಿದ ಮೂಲೆ

ಗೂಬೆಯ ಹೆಸರೆತ್ತಿದರೆ ಸಾಕು, ಲೆಲ್ಯಾಂಡ್ ಪ್ರೂಯಿಟ್‌ನ ಮುಖ ಗಂಟಾಗುತ್ತಿತ್ತು. ಮರಕಡಿತವನ್ನೇ ನಂಬಿದ್ದ ಡ್ಯಾರಿಂಗ್ಟನ್ ಊರಿನಲ್ಲಿ ಅವನ ವಾರಿಗೆಯ ಗಂಡಸರೆಲ್ಲ ಹಾಗೆಯೇ. ಕಾಡಿನ ಗೂಬೆ ಉಳಿಯಬೇಕೆಂದು ದೊಡ್ಡ ಮರಗಳ ಕಡಿತ ನಿಂತಾಗ ಅವನಿಗೆ ಮೂವತ್ತೆರಡು ವರ್ಷ. ಗರಗಸ ಬಿಟ್ಟರೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಆಮೇಲೆ ರಸ್ತೆಯ ಹಿಮ ತಳ್ಳಿದ, ಶಾಲೆಯ ಬಸ್ಸು ಓಡಿಸಿದ, ಮಗಳನ್ನು ಓದಿಸಿದ. ಹೊಟ್ಟೆ ತುಂಬಿತು. ಹೊಟ್ಟೆಯೊಳಗಿನ ಸಿಟ್ಟು ಮಾತ್ರ ಹಾಗೇ ಉಳಿಯಿತು.

ಆ ಮಗಳು ಕೊರೀನ್ ಈಗ ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಜನವರಿಯ ಕೊನೆಯಲ್ಲಿ ಒಂದು ದಿನ ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಎವರೆಟ್‌ನಿಂದ ಒಬ್ರು ಬರ್ತಾ ಇದ್ದಾರೆ. ಸಾಕ್ ಹೊಳೆ ಮೇಲ್ಗಡೆಯ ಮರ ಸಾಗಿಸ್ತಿದ್ದ ಹಳೇ ರಸ್ತೆಗೆ ಹೋಗ್ಬೇಕಂತೆ. ನಮ್ಮಪ್ಪ ಕರ್ಕೊಂಡು ಹೋಗ್ತಾರೆ ಅಂದ್ಬಿಟ್ಟಿದ್ದೀನಿ."

"ಈ ಹಿಮದಲ್ಲಿ? ಏನಕ್ಕಂತೆ?"

"ಜೇಡ ಹಿಡಿಯೋಕೆ."

ಲೆಲ್ಯಾಂಡ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಕಿವಿಗಿಟ್ಟುಕೊಂಡ. "ಹೋದ ಸಲ ಗೂಬೆ, ಈ ಸಲ ಜೇಡಾನಾ? ಇನ್ನೊಂದು ಸಲಕ್ಕೆ ಸೊಳ್ಳೆ ಕಾಯೋಕೆ ಬರ್ತಾರೇನು?"

"ಎಪ್ಪತ್ತೆರಡು ವರ್ಷದ ಹೆಂಗಸಪ್ಪ. ಒಬ್ಬರೇ ಹೋಗ್ಲಿ ಅಂತೀಯಾ?"

ಲೆಲ್ಯಾಂಡ್ ಗೊಣಗುತ್ತಲೇ ಗಾಲಿಗೆ ಕಟ್ಟುವ ಚೈನು ಹುಡುಕಲು ಹೊರಟ.

ಥೋರಾ ಮೈಕ್ಲೆಬಸ್ಟ್ ಶನಿವಾರ ಬೆಳಿಗ್ಗೆ ಏಳೂವರೆಗೇ ಬಂದಿಳಿದಳು. ಗಿಡ್ಡ ಆಕಾರ, ಮಂಡಿಯವರೆಗೆ ಬರುವ ರಬ್ಬರು ಬೂಟು, ತಲೆಗೆ ಕಿತ್ತಳೆ ಬಣ್ಣದ ಉಣ್ಣೆಟೋಪಿ. ಅವಳ ಸಾಮಾನುಗಳನ್ನು ಪಿಕಪ್ಪಿನ ಹಿಂದೆ ಹಾಕುವಾಗ ಲೆಲ್ಯಾಂಡ್ ಒಂದೊಂದನ್ನೂ ತಿರುಗಿಸಿ ನೋಡಿದ. ಬಿಳಿ ಬಟ್ಟೆಯ ಒಂದು ಚೌಕ. ಪೊರಕೆಯ ಹಿಡಿ. ಹಿಟ್ಟು ಜರಡಿ ಹಿಡಿಯುವ ಅಗಲವಾದ ಬಾಣಲೆಯಂಥದ್ದು, ತಳಕ್ಕೆ ತಂತಿಬಲೆ. ಒಂದು ಟಾರ್ಪಾಲು. ಬೆರಳುದ್ದದ ಸೀಸೆಗಳಿದ್ದ ಚೀಲ.

"ಮೇಡಂ, ಜೇಡ ಹಿಡಿಯೋಕೆ ಹೊರಟಿದ್ದೀರೋ, ರೊಟ್ಟಿ ಸುಡೋಕೋ?"

"ಮೂವತ್ತೊಂದು ವರ್ಷ ಶಾಲೆ ಅಡುಗೆಮನೇಲಿ ರೊಟ್ಟಿ ಸುಟ್ಟಿದ್ದೀನಿ. ಆ ಜರಡಿ ಅಲ್ಲೀದೇ, ನಿವೃತ್ತಿ ದಿನ ಕೇಳಿ ಇಸ್ಕೊಂಡೆ," ಎಂದಳು ಆಕೆ. "ಇನ್ನು ಆ ಮೇಡಂ ಬಿಡಿ. ಥೋರಾ ಅನ್ನಿ."

ಚೈನು ಕಟ್ಟಿದ ಗಾಲಿಗಳು ಕಟಕಟ ಎನ್ನುತ್ತ ರಸ್ತೆ ಏರಿದವು. ಥೋರಾ ತೊಡೆಯ ಮೇಲೆ ಒಂದು ನಕ್ಷೆ ಬಿಡಿಸಿದಳು. ಅದರ ತುಂಬ ಪೆನ್ಸಿಲಿನ ಚೌಕಗಳು. ಹೆಚ್ಚಿನವುಗಳಲ್ಲಿ ಸಣ್ಣ ಅಕ್ಷರದ ಅಂಕಿಗಳಿದ್ದವು. ಕೆಲವು ಖಾಲಿ. ಒಂದು ಚೌಕದಲ್ಲಿ ಯಾವ ಯಾವ ಬಗೆಯ ಜೇಡ ಇವೆ ಎಂದು ಯಾರೂ ನೋಡಿಲ್ಲದಿದ್ದರೆ ಅದು ಖಾಲಿ ಇರುತ್ತದೆ. ತಾನು ಹೋಗಿ ನೋಡಿ ತುಂಬುತ್ತೇನೆ ಎಂದಳು. ಹಿಡಿದವನ್ನು ಮನೆಯಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಗುರುತಿಸಿ ಸಿಯಾಟಲಿನ ಸಂಗ್ರಹಾಲಯಕ್ಕೆ ಕೊಡುತ್ತಾಳೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ.

"ಸಂಬಳ?"

"ಪೆಟ್ರೋಲೂ ನಂದೇ."

"ಹುಚ್ಚು ನಿಮಗೆ," ಎಂದ ಲೆಲ್ಯಾಂಡ್. ಒಂದು ತಿರುವು ದಾಟಿದ ಮೇಲೆ, ಬೆಳಗಿನಿಂದ ನಾಲಗೆಯ ತುದಿಯಲ್ಲಿದ್ದುದನ್ನು ಕೇಳಿಯೇಬಿಟ್ಟ: "ಯಾವುದೋ ಅಪರೂಪದ ಜೇಡ ಸಿಕ್ತು ಅಂತಿಟ್ಕೊಳ್ಳಿ. ಆಮೇಲೆ ಈ ರಸ್ತೆಗೂ ಬೀಗ ಜಡೀತಾರಾ?"

ಥೋರಾ ನಕ್ಷೆ ಮಡಚಿದಳು. "ನನ್ನ ಮಾತು ಕೇಳಿ ಬೀಗ ಜಡಿಯೋರು ಯಾರನ್ನೂ ನಾನು ಇನ್ನೂ ನೋಡಿಲ್ಲ ಲೆಲ್ಯಾಂಡ್. ಏನಿದೆ ಅಂತ ಬರೀತೀನಿ. ಇಲ್ಲದ್ದನ್ನ ಇದೆ ಅಂತ ಬರೆಯೋಲ್ಲ, ಇರೋದನ್ನ ಇಲ್ಲ ಅಂತಾನೂ ಬರೆಯೋಲ್ಲ. ಅಷ್ಟೇ ನಾನು ಕೊಡೋ ಮಾತು."

ಗೇಟಿನ ಬಳಿ ಗಾಡಿ ನಿಲ್ಲಿಸಿ ಒಂದು ಮೈಲಿ ನಡೆದರು. ಮೋಡದ ಹಿಂದೆ ವೈಟ್‌ಹಾರ್ಸ್ ಬೆಟ್ಟ ಇತ್ತೋ ಇಲ್ಲವೋ ಹೇಳುವಂತಿರಲಿಲ್ಲ. ರಸ್ತೆಯ ಮೇಲೆ ಮೊಣಕಾಲ ಅರ್ಧದಷ್ಟು ಹಿಮವಿತ್ತು. ಆದರೆ ಮರಗಳ ಒಳಗೆ ನುಗ್ಗಿದರೆ ನೆಲ ಅಲ್ಲಲ್ಲಿ ಬರಿದಾಗಿ ಕಾಣುತ್ತಿತ್ತು. ಮೂವತ್ತೈದು ವರ್ಷದ ಡಗ್ಲಸ್ ಫರ್ ಮರಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತು, ಮೇಲಿನಿಂದ ಬಿದ್ದ ಹಿಮವನ್ನೆಲ್ಲ ತಾವೇ ಹೊತ್ತುಕೊಂಡಿದ್ದವು. ಈ ಇಳಿಜಾರನ್ನು ಕಡಿದ ತಂಡದಲ್ಲಿ ತಾನಿದ್ದೆ, ಮರುವರ್ಷ ಚಳಿಗಾಲದಲ್ಲಿ ಸಸಿ ನೆಟ್ಟವರಲ್ಲೂ ತಾನಿದ್ದೆ ಎಂಬುದನ್ನು ಲೆಲ್ಯಾಂಡ್ ಹೇಳಲಿಲ್ಲ.

ಅವನು ಒಂದು ಬಿದ್ದ ದಿಮ್ಮಿಯ ಮೇಲೆ ಕೂತು, ಥರ್ಮಾಸಿನ ಕಾಫಿ ಬಗ್ಗಿಸಿಕೊಂಡು ತಮಾಷೆ ನೋಡಲು ಸಿದ್ಧನಾದ. ಇಂಥ ಚಳಿಯಲ್ಲಿ ಒಂದು ನೊಣವೂ ಹಾರುವುದಿಲ್ಲ, ಜೇಡ ಎಲ್ಲಿಂದ ಬಂದೀತು?

ಥೋರಾ ಜರಿಗಿಡಗಳ ಬುಡಕ್ಕೆ ಬಿಳಿ ಬಟ್ಟೆ ಹಾಸಿದಳು. ಪೊರಕೆಯ ಹಿಡಿಯಿಂದ ಒಣಗಿದ ಗರಿಗಳಿಗೆ ನಾಲ್ಕೇ ನಾಲ್ಕು ಏಟು. ಬಟ್ಟೆಯ ಮೇಲೆ ಕಸ, ಹಿಮದ ಪುಡಿ, ಫರ್ ಸೂಜಿಗಳು ಬಿದ್ದವು. ಆಕೆ ಮಂಡಿಯೂರಿ ಅದರ ಮೇಲೆ ಬಾಗಿ, ಉಸಿರು ಬಿಗಿಹಿಡಿದು ಕಾದಳು. ಲೆಲ್ಯಾಂಡ್‌ಗೆ ಕಸವಷ್ಟೇ ಕಂಡಿತು. ಅರೆಗಳಿಗೆಯಲ್ಲಿ ಆ ಕಸದ ಒಂದು ಚುಕ್ಕಿ ಎದ್ದು ನಡೆಯತೊಡಗಿತು.

"ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ," ಎಂದು ಥೋರಾ ಅದರೊಡನೆ ಮಾತಾಡಿದಳು. ಒಂದು ರಬ್ಬರು ನಳಿಕೆಯ ತುದಿಯನ್ನು ಬಾಯಲ್ಲಿಟ್ಟು ಸುಯ್ಯೆಂದು ಎಳೆದಳು. ಚುಕ್ಕಿ ನಳಿಕೆಯ ಇನ್ನೊಂದು ತುದಿಯ ಗಾಜಿನೊಳಗಿತ್ತು. ಮಧ್ಯೆ ಸಣ್ಣ ಬಲೆ ಇರುವುದರಿಂದ ಬಾಯಿಗೆ ಬರುವುದಿಲ್ಲ. "ಎಳ್ಳುಕಾಳಿನಷ್ಟೂ ಇಲ್ಲ ನೋಡಿ. ಹೆಪ್ಪುಗಟ್ಟೋ ಚಳೀಲೂ ಗೂಡು ಕಟ್ಟುತ್ತೆ. ನಾವು ಸ್ವೆಟರ್ ಹಾಕ್ಕೊಂಡು ನಡುಗ್ತೀವಿ."

ಆಮೇಲೆ ಒಣ ಫರ್ ಕಾಯಿಗಳನ್ನು ಆರಿಸಿ ಒಂದೊಂದಾಗಿ ಜರಡಿಯ ಮೇಲೆ ಕುಟ್ಟಿದಳು. ಪಾಚಿಯನ್ನು ಹಿಡಿಹಿಡಿಯಾಗಿ ಬಿಡಿಸಿ ಜರಡಿ ಹಿಡಿದಳು. ಆ ಕೈಗಳ ಓಟ ನೋಡುತ್ತ ಲೆಲ್ಯಾಂಡ್ ಕಾಫಿ ಕುಡಿಯುವುದನ್ನು ಮರೆತ. ಗರಗಸದ ಕೆಲಸದಲ್ಲಿ ಅವನು ಒಳ್ಳೆಯ ಕೈಗಳನ್ನು ಕಂಡಿದ್ದ. ಇಷ್ಟು ಬೇಕು, ಇದಕ್ಕಿಂತ ಹೆಚ್ಚು ಬೇಡ ಎಂದು ಬಲ್ಲ ಕೈಗಳು. ಇವೂ ಅಂಥವೇ. ಆಕೆ ತೆಗೆದ ಪಾಚಿಯನ್ನು ತೆಗೆದಲ್ಲೇ ಮತ್ತೆ ಒತ್ತಿಟ್ಟು, ಮಗುವಿನ ಹೊದಿಕೆ ಸರಿಪಡಿಸಿದಂತೆ ಎರಡು ಸಲ ತಟ್ಟಿ ಮುಂದೆ ಹೋಗುತ್ತಿದ್ದಳು.

ಹನ್ನೆರಡೂವರೆ ಹೊತ್ತಿಗೆ, ಹನ್ನೊಂದು ಬಗೆ ಆಯಿತು ಎಂದು ಕೂಗಿ ಹೇಳಿ, ಎದ್ದು ಎರಡು ಹೆಜ್ಜೆ ಇಟ್ಟಳು. ಹಿಮದಡಿ ಕೊಳೆತಿದ್ದ ದಿಮ್ಮಿ ಕುಸಿಯಿತು. ಎಡಗಾಲು ಮಂಡಿಯವರೆಗೆ ಒಳಗೆ ಹೋಯಿತು. ದೇಹ ಮಾತ್ರ ಪಕ್ಕಕ್ಕೆ ಬಿತ್ತು.

ಲೆಲ್ಯಾಂಡ್ ಓಡಿ ಬಂದು ಅವಳನ್ನು ಮೇಲಕ್ಕೆಳೆದ. ಆಕೆ ಕೂಗಲಿಲ್ಲ. ಮುಖ ಮಾತ್ರ ಸುಣ್ಣದಂತಾಗಿತ್ತು, ಸೀಸೆಗಳ ಚೀಲವನ್ನು ಎರಡೂ ಕೈಯಿಂದ ಎದೆಗೆ ಹಿಡಿದಿದ್ದಳು. ಕಾಡಿನ ಕೆಲಸದಲ್ಲಿ ಮುರಿದ ಕಾಲು ಅವನಿಗೆ ಹೊಸದಲ್ಲ. ಬೂಟು ಬಿಚ್ಚಿಸಲಿಲ್ಲ, ತನ್ನ ಮಫ್ಲರನ್ನು ಬೂಟಿನ ಮೇಲೆಯೇ ಬಿಗಿಯಾಗಿ ಸುತ್ತಿ ಕಟ್ಟಿದ.

"ಬೆರಳು ಆಡ್ಸಿ."

"ಆಡ್ತವೆ. ಕಾಲೂರೋಕೆ ಆಗಲ್ಲ."

"ನಡೀರಿ, ಹೊತ್ಕೊಂಡು ಹೋಗ್ತೀನಿ. ಇಲ್ಲಿ ಫೋನೂ ಹತ್ತಲ್ಲ."

ಥೋರಾ ಆಕಾಶ ನೋಡಿದಳು. "ಕತ್ತಲಾಗೋದು ಐದಕ್ಕೆ. ಈಗ ಹನ್ನೆರಡೂವರೆ. ಎರಡು ಗಂಟೆ ಕೊಡಿ."

"ಏನು?"

"ಹನ್ನೊಂದಕ್ಕೆ ನಿಲ್ಲಿಸಿದ್ರೆ ಈ ಚೌಕ ಅರೆಬೆಂದ ರೊಟ್ಟಿ ಇದ್ದ ಹಾಗೆ. ಈ ಕಾಲು ವಾಸಿಯಾಗೋ ಹೊತ್ತಿಗೆ ಬೇಸಿಗೆ ಬಂದಿರುತ್ತೆ. ಚಳಿಗಾಲದವು ಆಗ ಸಿಗಲ್ಲ."

"ನಿಮಗೆ ತಲೆ ಸರಿ ಇದೆಯಾ? ಕಾಲು ಮುರ್ಕೊಂಡು ಕೂತಿದ್ದೀರಿ!"

"ಕಾಲು ಮುರಿದಿರೋದು. ಕಣ್ಣಲ್ಲ, ಬಾಯಲ್ಲ. ಕೂರೋಕೆ ಕಾಲೇನು ಬೇಡ," ಎಂದಳು ಆಕೆ. ಆಮೇಲೆ ದನಿ ತಗ್ಗಿಸಿ, "ನೀವು ತಂದುಕೊಡ್ತೀರಾ ಲೆಲ್ಯಾಂಡ್? ಬೇಡ ಅಂದ್ರೆ ಈಗ್ಲೇ ಹೋಗೋಣ. ನಿಮ್ಮ ಮೇಲೆ ಬೇಜಾರಿಲ್ಲ."

ಬೇಡ ಎನ್ನಬೇಕೆಂದೇ ಅವನು ಬಾಯಿ ತೆರೆದದ್ದು. ಆದರೆ ಅವನಿಗೆ ತನ್ನ ಹಳೆಯ ಮೇಸ್ತ್ರಿ ನೆನಪಾದ. ಬೆರಳು ತುಂಡಾದ ದಿನವೂ ಅರ್ಧ ಕಡಿದ ಮರವನ್ನು ಗಾಳಿಗೆ ಬಿಟ್ಟು ಹೋಗಲಾರದೆ ನಿಂತಿದ್ದ ಮನುಷ್ಯ. ಲೆಲ್ಯಾಂಡ್ ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ ಮರದ ಬುಡಕ್ಕೆ ಹಾಸಿದ, ಆಕೆಯನ್ನು ಎತ್ತಿ ಕೂರಿಸಿದ, ತನ್ನ ದಪ್ಪ ಕೋಟನ್ನು ಹೊದಿಸಿದ, ಉಳಿದ ಕಾಫಿಯನ್ನೂ ಮೀಟ್‌ಲೋಫ್ ಸ್ಯಾಂಡ್‌ವಿಚ್ಚಿನ ಅರ್ಧವನ್ನೂ ಕೈಗಿತ್ತ.

"ಎರಡು ಗಂಟೆ. ಒಂದು ನಿಮಿಷ ಹೆಚ್ಚಿಲ್ಲ. ತುಟಿ ನೀಲಿ ಆಯ್ತೋ, ಆ ಗಳಿಗೇಲೇ ಹೊರಡೋದು."

"ಆಗ್ಲಿ ಮೇಸ್ತ್ರಿ," ಎಂದಳು ಥೋರಾ.

ಮೊದಲ ಪಾಚಿಯನ್ನು ಅವನು ದನಕ್ಕೆ ಹುಲ್ಲು ತಂದಂತೆ ತೋಳತುಂಬ ತಂದು ಸುರಿದ. "ಅಯ್ಯೋ, ಮನೆ ಕಿತ್ತು ತಂದ್ರಲ್ಲ!" ಎಂದು ಬೈಸಿಕೊಂಡ. ಎರಡನೆಯ ಸಲ ಬೆರಳಿನಿಂದ ಬಿಡಿಸಿ ತಂದ. ಕಾಯಿಗಳಲ್ಲಿ ಹಸಿಯವು ಬೇಡ, ಬಾಯಿ ಬಿಟ್ಟ ಒಣ ಕಾಯಿ ಬೇಕು ಎಂದು ಕಲಿತ. ಜರಿಗಿಡಕ್ಕೆ ಹೊಡೆಯುವಾಗ ಸಿಟ್ಟಿನಲ್ಲಿ ಹೊಡೆಯಬಾರದು, ಬಾಗಿಲು ತಟ್ಟಿದಂತೆ ತಟ್ಟಬೇಕು ಎಂದು ಕಲಿತ. ಒಮ್ಮೆ ನಳಿಕೆ ಬಾಯಿಗಿಟ್ಟುಕೊಂಡು ತಿರುಗುಮುರುಗಾಗಿ ಊದಿದ. ಹಿಡಿದಿದ್ದ ಜೇಡ ಹಾರಿ ಥೋರಾಳ ಟೋಪಿಯ ಮೇಲೆ ಕೂತಿತು.

"ಎಳೀರಿ ಮಾರಾಯ್ರೆ, ಊದಬೇಡಿ! ಅದೇನು ಕೊಳಲಾ?" ಆಕೆ ನಕ್ಕಳು, ನಗುವಾಗ ಕಾಲು ಅಲುಗಿ "ಹಾ" ಎಂದಳು, ಮತ್ತೆ ನಕ್ಕಳು. ಟೋಪಿ ತೆಗೆದು ನೋಡಿದರೆ ಅದು ಬೇರೆಯೇ ಬಗೆ. ಹದಿನಾರನೆಯದು.

ನೋವು ಏರುತ್ತಿದ್ದುದು ಅವನಿಗೆ ಕಾಣುತ್ತಿತ್ತು. ಆಕೆಯ ಹಣೆಯಲ್ಲಿ ಆ ಚಳಿಯಲ್ಲೂ ಬೆವರು. ಆದರೆ ಬಟ್ಟೆಯ ಮೇಲೆ ಏನಾದರೂ ಅಲುಗಿದರೆ ಸಾಕು, ನೋವೆಲ್ಲ ಹಿಂದೆ ಸರಿದು ಕಣ್ಣು ಮುಂದೆ ಬರುತ್ತಿತ್ತು. ಒಂದು ಮರಿಜೇಡವನ್ನು ನೋಡಿ, "ಇದು ಇನ್ನೂ ಚಿಕ್ಕದು, ಗುರುತು ಸಿಗಲ್ಲ, ಹೋಗಪ್ಪ," ಎಂದು ಪಾಚಿಗೆ ಬಿಟ್ಟಳು. ಯಾರೂ ನೋಡದ ಕಾಡಿನಲ್ಲಿ, ಯಾರೂ ಕೇಳದ ಲೆಕ್ಕಕ್ಕೆ, ಮುರಿದ ಕಾಲಿಟ್ಟುಕೊಂಡು ಇಷ್ಟು ನಿಯತ್ತು! ಬೆಳಿಗ್ಗೆ 'ಹುಚ್ಚು ನಿಮಗೆ' ಎಂದಿದ್ದ ಲೆಲ್ಯಾಂಡ್ ಮುಂದಿನ ಹಿಡಿ ಪಾಚಿಯನ್ನು ಇನ್ನೂ ಮೆಲ್ಲಗೆ ಬಿಡಿಸಿ ತಂದ.

ಇನ್ನು ಅರ್ಧ ಗಂಟೆ ಇರುವಾಗ ಅವನು ಸ್ವಲ್ಪ ಮೇಲಕ್ಕೆ ಹತ್ತಿದ. ಅಲ್ಲೊಂದು ದೊಡ್ಡ ಮೋಟು ಇತ್ತು, ಹಳೆಯ ಕೆಂಪು ಸೀಡರ್ ಮರದ್ದು. ಆರು ಜನ ಸುತ್ತ ಕೂತು ಊಟ ಮಾಡುವಷ್ಟು ಅಗಲ. ಅದರ ಬುಡದ ದಿಬ್ಬದಲ್ಲಿ ಪಾಚಿ ಮೆತ್ತಗೆ ದಪ್ಪವಾಗಿತ್ತು. ಒಂದಂಚು ಎತ್ತಿದಾಗ ಮಣ್ಣಿನಲ್ಲಿ ಏನೋ ಕಂಡಿತು. ಬಟ್ಟೆಯ ಚೀಲದ ಬಾಯಿಗೆ ದಾರ ಎಳೆದು ಮುಚ್ಚಿದಂತೆ ಒಂದು ಮುಚ್ಚಿದ ಬಾಯಿ. ಮುಟ್ಟಿದರೆ ರೇಷ್ಮೆಯಷ್ಟು ಮೆತ್ತಗೆ. ಮಣ್ಣೂ ಪಾಚಿಯೂ ಮೆತ್ತಿದ್ದರಿಂದ ನೆಲಕ್ಕೂ ಅದಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ಪಕ್ಕದಲ್ಲೇ ಅಂಥದ್ದೇ ಚಿಕ್ಕದೊಂದು. ಇನ್ನೊಂದು. ಮತ್ತೊಂದು, ಗುಂಡಿಯಷ್ಟೇ ಗಾತ್ರದ್ದು.

ಅವನು ಕೀಳಲಿಲ್ಲ. ಎತ್ತಿದ ಪಾಚಿಯನ್ನು ಮೆಲ್ಲಗೆ ಹಾಗೇ ಇಳಿಸಿ ಕೆಳಗೆ ಬಂದ. "ಥೋರಾ, ನೀವೇ ನೋಡ್ಬೇಕು. ನೆಲದಲ್ಲಿ ಜೇಬು ಹೊಲಿದಿಟ್ಟ ಹಾಗಿದೆ."

ಆಕೆಯ ಕೈಯಲ್ಲಿದ್ದ ಸೀಸೆ ನಿಂತಿತು. "ಎಷ್ಟಿವೆ?"

"ನಾಲ್ಕು ಕಂಡೆ. ಇನ್ನೂ ಇರ್ಬಹುದು."

"ನನ್ನನ್ನ ಎಳ್ಕೊಂಡು ಹೋಗಿ."

ಟಾರ್ಪಾಲಿನ ಎರಡು ತುದಿ ಹಿಡಿದು, ಆಕೆಯನ್ನು ಅದರ ಮೇಲೆ ಕೂರಿಸಿಕೊಂಡೇ ಮೇಲಕ್ಕೆಳೆದ. ಥೋರಾ ಮೋಟಿನ ಬುಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ಒಂದು ಜರಿಕಡ್ಡಿಯಿಂದ ಆ ಬಾಯನ್ನು ಕೂದಲೆಳೆಯಷ್ಟು ತೆರೆದು, ಟಾರ್ಚು ಹಿಡಿದಳು. ಬೆರಳುದ್ದ ಒಳಗೆ ಕಪ್ಪಾಗಿ ಹೊಳೆಯುವ ದಪ್ಪ ಕಾಲುಗಳು ಮಡಚಿಕೊಂಡಿದ್ದವು. ಚಳಿಗೆ ಜಡವಾಗಿದ್ದ ಅದು ಒಮ್ಮೆ ಮಾತ್ರ ಅಲುಗಿತು.

"ಮಡಿಕೆಬಾಗಿಲ ಜೇಡ," ಎಂದಳು ಆಕೆ ಪಿಸುದನಿಯಲ್ಲಿ. "ಬಾಗಿಲನ್ನ ಒಳಗಡೆಯಿಂದ ಮಡಚಿ ಮುಚ್ಕೊಳ್ಳುತ್ತೆ. ಇದು ತಾಯಿ. ಸುತ್ತ ಇರೋದೆಲ್ಲ ಮಕ್ಕಳ ಮನೆ."

"ಅಪರೂಪದ್ದಾ?"

"ಇಲ್ಲ. ನಮ್ಮ ಕಡೆ ಕಾಡಲ್ಲಿ ಇರುತ್ತೆ. ಆದ್ರೆ ಬೇರೆ ಜೇಡದ ಮರಿಗಳ ಹಾಗೆ ನೂಲು ಬಿಟ್ಟು ಗಾಳೀಲಿ ಊರೂರು ತೇಲ್ಕೊಂಡು ಹೋಗೋ ಜಾತಿಯಲ್ಲ. ಅಮ್ಮನ ಮನೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ಅಲ್ಲೇ ಗುಂಡಿ ತೋಡ್ಕೊಳ್ಳುತ್ತೆ. ಅದಕ್ಕೇ ನಂಗೆ ಆಶ್ಚರ್ಯ. ಕಡಿದ ಮೇಲೆ ಇಲ್ಲೆಲ್ಲ ಬೆಂಕಿ ಹಾಕಿರ್ತಾರೆ ಅಲ್ವಾ? ಇವು ಎಲ್ಲಿಂದ ಬಂದ್ವು?"

ಲೆಲ್ಯಾಂಡ್ ಮೋಟಿನ ಮೇಲೆ ಕೈಯಿಟ್ಟ. ಗರಗಸ ಹೋದ ಗೆರೆಗಳು ಪಾಚಿಯಡಿ ಇನ್ನೂ ಬೆರಳಿಗೆ ಸಿಗುತ್ತಿದ್ದವು.

"ಈ ಮರ ಕಡಿದೋನು ನಾನೇ," ಎಂದ. "ಎಂಬತ್ತೆಂಟರಲ್ಲಿ. ಬೆಂಕಿ ಹಾಕಿದ ತಂಡದಲ್ಲೂ ಇದ್ದೆ. ಕಸಕಡ್ಡಿಗೆಲ್ಲ ಹಚ್ಕೊಂಡು ಬಂದ್ವಿ. ಈ ಮೂಲೆಗೆ ಬರೋ ಹೊತ್ತಿಗೆ ಮಳೆ ಹಿಡೀತು. ಎರಡು ಸಲ ಎಣ್ಣೆ ಸುರಿದೆ, ಹತ್ತಲಿಲ್ಲ. ಮೇಸ್ತ್ರಿ ಎಲ್ಲರೆದುರು ಬೈದ. 'ಒಂದು ಕಡ್ಡಿ ಗೀರೋಕೆ ಬರಲ್ಲ ನಿಂಗೆ' ಅಂತ. ಅವತ್ತು ಎಷ್ಟು ಅವಮಾನ ಆಗಿತ್ತು ಗೊತ್ತಾ?"

ಥೋರಾ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಜೇಬಿನಿಂದ ಪುಸ್ತಕ ತೆಗೆದು ಬರೆಯತೊಡಗಿದಳು.

"ಏನು ಬರೀತಿದ್ದೀರಿ?"

"ನೀವು ಹೇಳಿದ್ದು. ವರ್ಷ, ಮಳೆ, ಬೆಂಕಿ ಹತ್ತದ ಮೂಲೆ. ಇಪ್ಪತ್ತಾರು ವರ್ಷದಲ್ಲಿ ನೂರಾರು ಕಾಡು ತಿರುಗಿದ್ದೀನಿ ಲೆಲ್ಯಾಂಡ್. 'ಇದು ಹೀಗೆ ಉಳೀತು' ಅಂತ ಕಣ್ಣಾರೆ ಕಂಡು ಹೇಳೋರು ಒಬ್ರೂ ಸಿಕ್ಕಿರಲಿಲ್ಲ. ಜೇಡದ ಕಾಲು ಎಣಿಸೋರು ಬೇಕಾದಷ್ಟು ಜನ ಇದ್ದಾರೆ. ನಿಮಗೆ ಗೊತ್ತಿರೋದು ಅವರಿಗೆ ಗೊತ್ತಿಲ್ಲ."

ಕಾಡಿನ ಲೆಕ್ಕ ಬರೆಯಲು ಬಂದವರು ಅವನನ್ನು ಏನಾದರೂ ಕೇಳಿದ್ದುಂಟೇ? ಅವರ ಕಣ್ಣಿಗೆ ಅವನು ಗರಗಸ ಹಿಡಿದ ಕೈ ಮಾತ್ರ. ಲೆಲ್ಯಾಂಡ್ ಮೂಗೊರೆಸಿಕೊಂಡು ಅತ್ತ ತಿರುಗಿದ. "ಹಿಡ್ಕೊಳ್ಳಿ ಮತ್ತೆ. ಸೀಸೆ ಕೊಡ್ಲಾ?"

"ಬೇಡ. ನಿಖರವಾಗಿ ಯಾವುದು ಅಂತ ಹೇಳೋಕೆ ಗಂಡು ಬೇಕು. ಅದು ಮಳೆಗಾಲ ಶುರುವಾದಾಗ ಹೊರಗೆ ಅಲೆಯುತ್ತೆ. ಈ ತಾಯಿಗೆ ಎಷ್ಟು ವರ್ಷ ಆಗಿದೆಯೋ, ಅಗೆದು ತೆಗೆದ್ರೆ ಮನೆ ಹಾಳು. ಪಟ ತೆಗೀರಿ, ಸಾಕು."

ಅವನು ಫೋನಿನಲ್ಲಿ ಪಟ ತೆಗೆದ. ಆಮೇಲೆ ತಾನೇ ಪಾಚಿಯನ್ನು ಇಳಿಸಿ, ಅಂಚು ಒತ್ತಿ, ಎರಡು ಸಲ ತಟ್ಟಿದ.

ಇಳಿಯುವಾಗ ಹೊರುವುದಕ್ಕಿಂತ ಎಳೆಯುವುದೇ ಲೇಸಾಯಿತು. ಟಾರ್ಪಾಲನ್ನೇ ಜಾರುಬಂಡಿ ಮಾಡಿ, ಅದರ ಅಂಚಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಹಿಮದ ರಸ್ತೆಯಲ್ಲಿ ಒಂದು ಮೈಲಿ ಎಳೆದ. ಥೋರಾ ಕೋಟಿನೊಳಗೆ ಮುದುಡಿ ಕೂತು ಸೀಸೆಗಳನ್ನು ಎಣಿಸುತ್ತಿದ್ದಳು. ನಡುವೆ ಒಮ್ಮೆ, "ಕುದುರೆ ನಿಧಾನ ಆಯ್ತು," ಎಂದಳು.

"ಹೊರೆ ಭಾರ ಇದೆ. ಶಾಲೆ ರೊಟ್ಟಿ ಸ್ವಲ್ಪ ಕಡಿಮೆ ತಿನ್ಬೇಕಿತ್ತು," ಎಂದ ಅವನು ಏದುಸಿರು ಬಿಡುತ್ತ.

ಆರ್ಲಿಂಗ್ಟನ್ನಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಪಾದದ ಕೀಲಿನ ಬಳಿ ಮೂಳೆ ಸೀಳಿದೆ, ಆರು ವಾರ ಪಟ್ಟಿ ಎಂದರು. ಬಿದ್ದು ಎಷ್ಟು ಹೊತ್ತಾಯಿತು ಎಂದು ದಾದಿ ಕೇಳಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಕೊರೀನ್ ಓಡಿ ಬಂದವಳು ಅಪ್ಪನ ಮೇಲೆ ಹರಿಹಾಯ್ದಳು: "ಕಾಲು ಮುರಿದೋರನ್ನ ಎರಡು ಗಂಟೆ ಹಿಮದಲ್ಲಿ ಕೂರಿಸಿದ್ಯಾ? ಬುದ್ಧಿ ಎಲ್ಲಿಟ್ಟಿದ್ದೆ?"

"ಅವರನ್ನೇ ಕೇಳು," ಎಂದ ಲೆಲ್ಯಾಂಡ್. "ಇಪ್ಪತ್ತೊಂದು ಬಗೆ ಸಿಕ್ತು." ಅದನ್ನು ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆಯನ್ನು ಕೇಳಿ ಕೊರೀನ್ ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು.

ಹತ್ತು ದಿನದ ಮೇಲೆ ಥೋರಾ ಫೋನು ಮಾಡಿದಳು. ಸೂಕ್ಷ್ಮದರ್ಶಕದಡಿ ನೋಡಿದ ಮೇಲೆ ಇಪ್ಪತ್ತೊಂದು ಇಪ್ಪತ್ತಮೂರಾಗಿತ್ತು. ಎರಡು ಬಗೆ ಬೇರೆಯವನ್ನು ಎಷ್ಟು ಹೋಲುತ್ತಿದ್ದವೆಂದರೆ ಕಾಡಿನಲ್ಲಿ ತಾನೂ ಮೋಸಹೋದೆ ಎಂದಳು. ಸೀಸೆಗಳ ಚೀಟಿಯಲ್ಲಿ ಹಿಡಿದವರ ಹೆಸರು ಬರೆಯುವುದು ರೂಢಿ. ಹನ್ನೆರಡರ ಮೇಲೆ 'ಎಲ್. ಪ್ರೂಯಿಟ್' ಎಂದು ಬರೆದಿದ್ದೇನೆ, ಕಾಗುಣಿತ ಸರಿಯೇ ಎಂದು ಕೇಳಿದಳು.

"ಟೋಪಿ ಮೇಲಿಂದ ಸಿಕ್ಕಿದ್ದೂ ನಂದೇನಾ?"

"ಅದು ಊದಿ ಹಿಡಿದದ್ದು. ಅದಕ್ಕೆ ನನ್ನ ಟೋಪಿ ಹೆಸರೇ ಹಾಕಬೇಕು."

ಅವನು ನಕ್ಕ. ಆಮೇಲೆ, ಆ ರಸ್ತೆಯ ಆಚೆ ಹೊಳೆದಂಡೆಗೆ ಇನ್ನೊಂದು ತುಂಡು ಕಾಡಿದೆ, ತಾನು ಎಂದೂ ಕಡಿಯದ್ದು, ನಿನ್ನೆ ಅತ್ತ ಹೋಗಿದ್ದೆ ಎಂದ. "ಪಾಚಿ ಇದೆ, ಕಾಯಿ ಇದೆ, ಎರಡು ಚೀಲ ಆಗಿದೆ. ಹಿಂದಿನ ವರಾಂಡದಲ್ಲಿ ತಣ್ಣಗೆ ಇಟ್ಟಿದ್ದೀನಿ. ನಿಮ್ಮ ನಕ್ಷೇಲಿ ಅದು ಖಾಲಿ ಚೌಕವೋ ಏನೋ ಗೊತ್ತಿಲ್ಲ."

ಆ ಕಡೆ ಕಾಗದ ಬಿಡಿಸುವ ಸರಬರ ಸದ್ದು ಕೇಳಿಸಿತು. "ಖಾಲಿ," ಎಂದಳು ಥೋರಾ. "ಎಷ್ಟೊತ್ತಿಗೆ ಬರ್ತೀರಿ?"

ಭಾನುವಾರ ಅವನು ಎವರೆಟ್ಟಿನ ಆ ಪುಟ್ಟ ಮನೆಯ ಬಾಗಿಲು ತಟ್ಟಿದಾಗ, ಆಕೆ ಅಡುಗೆಮನೆಯ ಮೇಜಿನ ಮೇಲಿದ್ದುದನ್ನೆಲ್ಲ ತೆಗೆದು ಬಿಳಿ ಬಟ್ಟೆ ಹಾಸಿದ್ದಳು. ಪಟ್ಟಿ ಕಟ್ಟಿದ ಕಾಲು ಒಂದು ಕುರ್ಚಿಯ ಮೇಲಿತ್ತು. ಪಕ್ಕದಲ್ಲಿ ಅವನಿಗೂ ಒಂದು ಕುರ್ಚಿ, ಒಂದು ದೀಪ, ಹೊಸದೊಂದು ನಳಿಕೆ.

"ಬೂಟು ಅಲ್ಲೇ ಬಿಡಿ," ಎಂದಳು ಆಕೆ. "ಮೊದಲು ಪಾಚಿ ತನ್ನಿ. ಮೆಲ್ಲಗೆ."